ಕತ್ತರಿಸಿದ ತಲೆ ಮತ್ತು ಒಂದು ಓಲೆ: ಅಬಲೂರಿನಿಂದ ಬೆಳಗೊಳದವರೆಗೆ

ಯಲಹಂಕ ಪಕ್ಕದ ಪುಟ್ಟೇನಹಳ್ಳಿಯಿಂದ ಮಾತಾಡ್ತಾ ಇದ್ದೀನಿ. ಮಧ್ಯದಲ್ಲಿ ಏರ್‌ಫೋರ್ಸ್ ವಿಮಾನದ ಸದ್ದು ಬಂದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಇಲ್ಲಿ ಅದು ಮಾಮೂಲಿ.

2021ರಲ್ಲಿ 'ದಿ ಗ್ರೀನ್ ನೈಟ್' ಅಂತ ಒಂದು ಸಿನಿಮಾ ಬಂತು. ಡೇವಿಡ್ ಲೋರಿ ನಿರ್ದೇಶನ, ದೇವ್ ಪಟೇಲ್ ಹೀರೋ. ರಾಜ ಆರ್ಥರನ ಸಭೆಗೆ ಹಸಿರು ಬಣ್ಣದ ಒಬ್ಬ ದೈತ್ಯ ಕುದುರೆ ಮೇಲೆ ಬರ್ತಾನೆ. ಬಂದವನು ಒಂದು ಆಟ ಆಡೋಣ ಅಂತಾನೆ: ನಿಮ್ಮಲ್ಲಿ ಯಾರಾದ್ರೂ ನನಗೆ ಒಂದು ಏಟು ಹೊಡೀರಿ, ಒಂದು ವರ್ಷ ಆದ್ಮೇಲೆ ಅದೇ ಏಟನ್ನ ನಾನು ವಾಪಸ್ ಕೊಡ್ತೀನಿ. ಗವೇನ್ ಅನ್ನೋ ಹುಡುಗ ಮುಂದೆ ಬಂದು ಒಂದೇ ಏಟಿಗೆ ಅವನ ತಲೆ ಹಾರಿಸ್ತಾನೆ. ದೈತ್ಯ ಬೀಳೋದಿಲ್ಲ. ತನ್ನ ತಲೆ ತಾನೇ ಎತ್ಕೊಂಡು, 'ಒಂದು ವರ್ಷ, ನೆನಪಿರಲಿ' ಅನ್ನೋ ಥರ ಹೊರಟು ಹೋಗ್ತಾನೆ.

ಇದಕ್ಕೆ ಮೂಲ 14ನೇ ಶತಮಾನದ ಕೊನೆಯ ಒಂದು ಇಂಗ್ಲಿಷ್ ಕಾವ್ಯ. ಬರೆದವನ ಹೆಸರು ಉಳಿದಿಲ್ಲ. ಆದ್ರೆ ಕಥೆಯ ಬೇರು ಇನ್ನೂ ಹಳೇದು, ಐರ್ಲೆಂಡಿನ ಕೆಲ್ಟಿಕ್ ಕಥೆಗಳಲ್ಲಿದೆ. 'ಬ್ರಿಕ್ರಿಯುವಿನ ಔತಣ' ಅನ್ನೋ ಕಥೆಯಲ್ಲಿ ಇದೇ ಆಟ ನಡೆಯುತ್ತೆ. ಒಬ್ಬ ಒರಟು ದೈತ್ಯ ವೀರರ ಸಭೆಗೆ ಬಂದು, ಇವತ್ತು ನನ್ನ ತಲೆ ಕಡಿಯಿರಿ, ನಾಳೆ ನಿಮ್ಮ ತಲೆ ನನಗೆ ಕೊಡಿ ಅಂತಾನೆ. ಇವತ್ತು ಕಡಿಯೋಕೆ ಎಲ್ಲರೂ ರೆಡಿ. ನಾಳೆ ಬರೋಕೆ ಯಾರೂ ಇಲ್ಲ. ಕುಹುಲಿನ್ ಅನ್ನೋ ಒಬ್ಬ ವೀರ ಮಾತ್ರ ಕೊಟ್ಟ ಮಾತಿಗೆ ಕಟ್ಟುಬಿದ್ದು ಬಂದು ಕುತ್ತಿಗೆ ಒಡ್ಡುತ್ತಾನೆ. ದೈತ್ಯ ಕೊಡಲಿಯ ಮೊಂಡು ಭಾಗವನ್ನು ಮೆಲ್ಲಗೆ ತಾಗಿಸಿ, ಇವನೇ ನಿಮ್ಮೆಲ್ಲರಲ್ಲಿ ದೊಡ್ಡವನು ಅಂತ ಸಾರ್ತಾನೆ.

ನಮಗೆ ಇದನ್ನ ಅರ್ಥ ಮಾಡ್ಕೊಳ್ಳೋಕೆ ಕಷ್ಟವೇ ಇಲ್ಲ. ಪುಣ್ಯಕೋಟಿ ಕೇಳ್ಕೊಂಡು ಬೆಳೆದವರು ನಾವು. ಹುಲಿ ಹತ್ರ ವಾಪಸ್ ಬಂದ ಹಸುವಿಗೂ, ಕೊಡಲಿ ಹತ್ರ ವಾಪಸ್ ಬಂದ ಈ ಹುಡುಗನಿಗೂ ಸಮಸ್ಯೆ ಒಂದೇ. ತಮಾಷೆ ಏನಂದ್ರೆ, ಈ ಐರಿಷ್ ಕಥೆ ಸಿಗುವ ಅತ್ಯಂತ ಹಳೆಯ ಹಸ್ತಪ್ರತಿಯ ಹೆಸರು 'ಕಂದು ಹಸುವಿನ ಪುಸ್ತಕ'. ಕರುವಿನ ಚರ್ಮದ ಹಾಳೆಗಳ ಮೇಲೆ, 1100ರ ಸುಮಾರಿಗೆ ಬರೆದಿದ್ದು. ಬರೆದವರು ಕ್ರೈಸ್ತ ಮಠದವರು, ಬರೆದ ಕಥೆ ತಮ್ಮ ಧರ್ಮಕ್ಕಿಂತ ಹಳೆಯದು.

ಈಗ ವಿಷಯಕ್ಕೆ ಬರ್ತೀನಿ. ಕೆಲ್ಟಿಕ್ ಪುರಾಣ, ಮಧ್ಯಯುಗದ ಧರ್ಮ ಜಗಳ, ಕತ್ತರಿಸಿದ ತಲೆ: ಇವನ್ನ ಸೇರಿಸಿ ಫ್ಯಾಂಟಸಿ ಮಾಡಿದ್ರೆ ನಾವು ಸಬ್‌ಸ್ಕ್ರಿಪ್ಷನ್ ಕಟ್ಟಿ ನೋಡ್ತೀವಿ. ಇದೇ ಮಸಾಲೆ ಇರುವ ಒಂದು ಕಥೆ ನಮ್ಮ ಹಾವೇರಿ ಜಿಲ್ಲೆಯಲ್ಲಿ ಕಲ್ಲಿನ ಮೇಲೆ ಕೆತ್ತಿಟ್ಟಿದ್ದಾರೆ. ಅದು ಶಾಸನ, ಅಂದ್ರೆ ಆ ಕಾಲದ ಅಧಿಕೃತ ದಾಖಲೆ.

ಊರು ಅಬಲೂರು, ಹಿರೇಕೆರೂರು ತಾಲ್ಲೂಕು. ಸರ್ವಜ್ಞ ಹುಟ್ಟಿದ ಊರು ಅಂತ ಜನ ಹೇಳೋದು ಇದನ್ನೇ. ಶಾಸನದಲ್ಲಿ ಇದರ ಹೆಸರು ಅಬ್ಬಲೂರು. ಇಲ್ಲಿನ ಸೋಮೇಶ್ವರ ದೇವಸ್ಥಾನದಲ್ಲಿ ಸುಮಾರು 1200ರ ಹೊತ್ತಿನ ಒಂದು ದೊಡ್ಡ ಶಾಸನ ಇದೆ. ಜೆ. ಎಫ್. ಫ್ಲೀಟ್ ಅನ್ನೋ ಬ್ರಿಟಿಷ್ ಅಧಿಕಾರಿ ಇದನ್ನ ಓದಿ, 'ಎಪಿಗ್ರಾಫಿಯಾ ಇಂಡಿಕಾ'ದ ಐದನೇ ಸಂಪುಟದಲ್ಲಿ ಪ್ರಕಟಿಸಿದ್ರು. ಕಥಾನಾಯಕ ಏಕಾಂತದ ರಾಮಯ್ಯ. ಹರಿಹರ ಕವಿ ಇವನ ಮೇಲೆ ಒಂದು ರಗಳೆಯನ್ನೇ ಬರೆದಿದ್ದಾನೆ.

ಶಾಸನ ಹೇಳೋದು ಹೀಗೆ. ರಾಮಯ್ಯ ಆಳಂದದವನು, ತಂದೆ ಪುರುಷೋತ್ತಮ ಭಟ್ಟ. ಕಟ್ಟಾ ಶಿವಭಕ್ತ. ಹುಲಿಗೆರೆಗೆ, ಅಂದ್ರೆ ಇವತ್ತಿನ ಲಕ್ಷ್ಮೇಶ್ವರಕ್ಕೆ ಬಂದು, ಅಲ್ಲಿಂದ ಶಿವನ ಅಪ್ಪಣೆ ಪ್ರಕಾರ ಅಬ್ಬಲೂರಿಗೆ ಬರ್ತಾನೆ. ಅಲ್ಲಿ ಶಂಕಗಾವುಂಡ ಅನ್ನೋ ಮುಖಂಡನ ಜೊತೆ ಜೈನರು ಶಿವಾಲಯದ ಹತ್ತಿರವೇ ಜಿನನೇ ದೇವರು ಅಂತ ಹೊಗಳ್ತಾರೆ. ರಾಮಯ್ಯನಿಗೆ ಸಿಟ್ಟು ಬರುತ್ತೆ. ಮಾತಿಗೆ ಮಾತು ಬೆಳೆಯುತ್ತೆ. ಕೊನೆಗೆ ಅವರು, ನಿನ್ನ ತಲೆ ಕತ್ತರಿಸಿ ಶಿವನಿಗೆ ಕೊಟ್ಟು ಅದನ್ನ ವಾಪಸ್ ಪಡ್ಕೋ, ಆಗ ಒಪ್ತೀವಿ ಅಂತಾರೆ.

ಇಲ್ಲಿ ರಾಮಯ್ಯ ಒಂದು ಪ್ರಶ್ನೆ ಕೇಳ್ತಾನೆ. ನಾನು ಬಿ.ಕಾಂ. ಓದಿದವನು, ಅದಕ್ಕೋ ಏನೋ, ಈ ಪ್ರಶ್ನೆ ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಪಡೆದುಕೊಂಡರೆ ನೀವೇನು ಕೊಡ್ತೀರಿ? ಅವರು, ನಮ್ಮ ಜಿನನನ್ನ ಕಿತ್ತು ಶಿವನನ್ನ ಸ್ಥಾಪಿಸ್ತೀವಿ ಅಂತಾರೆ. ಹಾಗಾದ್ರೆ ಬರೆದುಕೊಡಿ, ಅಂತಾನೆ. ಓಲೆ ಮೇಲೆ ಬರೆದುಕೊಡ್ತಾರೆ. ಅಗ್ರಿಮೆಂಟ್ ಕೈಗೆ ಬಂದ ಮೇಲೇ ಅವನು ಕತ್ತಿ ತಗೊಳ್ಳೋದು.

ಆಮೇಲೆ ಪವಾಡ. ರಾಮಯ್ಯ ತಲೆ ಕತ್ತರಿಸಿ ಶಿವನ ಪಾದಕ್ಕೆ ಇಡ್ತಾನೆ. ಏಳು ದಿನ ಆದ್ಮೇಲೆ, ಒಂದು ಗಾಯದ ಗುರುತೂ ಇಲ್ಲದೆ ತಲೆ ಮರಳಿ ಬರುತ್ತೆ. ಜೈನರು ಮಾತಿನಂತೆ ನಡೆಯೋದಿಲ್ಲ. ರಾಮಯ್ಯ ತಾನೇ ನುಗ್ಗುತ್ತಾನೆ. ಅವರು ಆಳು, ಕುದುರೆ ಕರೆಸ್ತಾರೆ. ಅವರನ್ನ ಓಡಿಸಿ, ಜಿನನ ಮೂರ್ತಿ ಒಡೆದು, ಅಲ್ಲಿ ವೀರಸೋಮನಾಥನನ್ನ ಸ್ಥಾಪಿಸ್ತಾನೆ. ದೇವಸ್ಥಾನದಲ್ಲಿ ಈ ದೃಶ್ಯದ ಶಿಲ್ಪವೂ ಇದೆ. ಶಂಕಗಾವುಂಡ ಆಳು ಕುದುರೆ ಸೇರಿಸಿದ್ದು, ರಾಮಯ್ಯ ಗೆದ್ದು ಜಿನನನ್ನ ಒಡೆದದ್ದು ಇಲ್ಲಿ ಅಂತ ಅದರ ಜೊತೆ ಕೆತ್ತಿದ್ದಾರೆ. ಇನ್‌ಸ್ಟಾ ಪೋಸ್ಟಿಗೆ ಕ್ಯಾಪ್ಶನ್ ಹಾಕಿದ ಹಾಗೆ.

ಜೈನರು ರಾಜನ ಹತ್ತಿರ ದೂರು ಒಯ್ತಾರೆ. ರಾಜ ಯಾರು? ಕಳಚುರಿ ಬಿಜ್ಜಳ. ಹೌದು, ಬಸವಣ್ಣನ ಕಾಲದ ಅದೇ ಬಿಜ್ಜಳ. ಅವನು ಸಿಟ್ಟಾಗಿ ರಾಮಯ್ಯನನ್ನ ಕರೆಸಿ ಯಾಕೆ ಹೀಗೆ ಮಾಡಿದೆ ಅಂತಾನೆ. ರಾಮಯ್ಯ ಏನು ತೋರಿಸ್ತಾನೆ ಹೇಳಿ? ಕುತ್ತಿಗೆಯನ್ನಲ್ಲ. ಓಲೆಯನ್ನ. ಇದು ಇವರೇ ಬರೆದುಕೊಟ್ಟಿದ್ದು, ಬೇಕಿದ್ರೆ ಉಳಿದ ಬಸದಿಗಳನ್ನೂ ಪಣಕ್ಕಿಡಲಿ, ಇನ್ನೊಂದು ಸಲ ತಲೆ ಕತ್ತರಿಸ್ತೀನಿ ಅಂತಾನೆ. ಜೈನರು ಬೇಡ ಅಂತಾರೆ. ಬಿಜ್ಜಳ ಅವರನ್ನ ಸುಮ್ಮನೆ ಇರಿ ಅಂತ ಕಳಿಸಿ, ರಾಮಯ್ಯನಿಗೆ ಜಯಪತ್ರ ಕೊಡ್ತಾನೆ. ಜೊತೆಗೆ ಗೋಗಾವೆ ಅನ್ನೋ ಊರನ್ನ ದೇವಸ್ಥಾನಕ್ಕೆ ಬಿಡ್ತಾನೆ. ಮುಂದೆ ಚಾಲುಕ್ಯ ನಾಲ್ಕನೇ ಸೋಮೇಶ್ವರ ಅಬ್ಬಲೂರನ್ನೇ ಕೊಡ್ತಾನೆ. ಹಾನಗಲ್ಲಿನ ಕದಂಬ ಕಾಮದೇವ ಮಲ್ಲವಳ್ಳಿ ಕೊಡ್ತಾನೆ.

ಸ್ವಲ್ಪ ನಿಲ್ಲೋಣ. ಬಿಜ್ಜಳ ಚಾಲುಕ್ಯರ ಸಿಂಹಾಸನ ಕಿತ್ಕೊಂಡವನು. ನಾಲ್ಕನೇ ಸೋಮೇಶ್ವರ ಅದೇ ಚಾಲುಕ್ಯರ ರಾಜ್ಯ ವಾಪಸ್ ಪಡೆದವನು. ಒಬ್ಬರಿಗೊಬ್ಬರು ಆಗದ ಮನೆತನಗಳು, ಆದ್ರೆ ದಾನ ಮಾತ್ರ ಒಂದೇ ದೇವಸ್ಥಾನಕ್ಕೆ. ಶಾಸನ ಕೆತ್ತಿದ್ದು ಯಾಕೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಇದು ಮೂರು ಊರುಗಳ ಆದಾಯದ ದಾಖಲೆ. ತಲೆಯ ಕಥೆ ಆ ಆಸ್ತಿ ಹೇಗೆ ಬಂತು ಅನ್ನೋದರ ವಿವರಣೆ. ಮನೆ ಕ್ರಯಪತ್ರದಲ್ಲಿ ಹಿಂದಿನ ಮಾಲೀಕರ ವಿವರ ಮೊದಲು ಬರುತ್ತಲ್ಲ, ಆ ಥರ.

ತಲೆ ಅರ್ಪಿಸೋದು ಆ ಕಾಲದ ಜನಕ್ಕೆ ನಮಗೆ ಅನ್ನಿಸೋಷ್ಟು ವಿಚಿತ್ರ ಅಲ್ಲ ಅನ್ನೋದೂ ನೆನಪಿರಲಿ. ಕರ್ನಾಟಕದಲ್ಲಿ ಸಿಡಿತಲೆಗಲ್ಲುಗಳು ಸಿಗ್ತವೆ. ಬಾಗಿಸಿದ ಗಳಕ್ಕೆ ಕೂದಲು ಕಟ್ಟಿ, ಕುತ್ತಿಗೆ ಕಡಿದಾಗ ತಲೆ ಮೇಲಕ್ಕೆ ಸಿಡಿಯೋ ಹಾಗೆ ಪ್ರಾಣ ಕೊಟ್ಟವರ ನೆನಪಿನ ಕಲ್ಲುಗಳು. ಹರಕೆಗೋಸ್ಕರ, ಒಡೆಯನಿಗೋಸ್ಕರ ತಲೆ ಕೊಟ್ಟವರನ್ನ ಜನ ಕಂಡಿದ್ದರು. ಅದಕ್ಕೇ ಇವತ್ತಿಗೂ ನ್ಯೂಸ್ ಚಾನೆಲ್‌ನಲ್ಲಿ ಒಬ್ಬ ಸಚಿವ ರಾಜೀನಾಮೆ ಕೊಟ್ರೆ 'ತಲೆದಂಡ' ಅಂತ ಹಾಕ್ತಾರೆ. ಅಬಲೂರಿನ ಕಥೆಯಲ್ಲಿ ಹೊಸದು ಒಂದೇ: ತಲೆ ವಾಪಸ್ ಬಂದಿದ್ದು.

ಕೆಲ್ಟಿಕ್ ನಾಡುಗಳಲ್ಲೂ ಇದಕ್ಕೆ ಜೊತೆ ಇದೆ. ವೇಲ್ಸ್‌ನಲ್ಲಿ ವಿನಿಫ್ರೆಡ್ ಅನ್ನೋ ಸಂತಳ ಕಥೆ. ಅವಳ ತಲೆಯನ್ನ ಒಬ್ಬ ದುಷ್ಟ ಕತ್ತರಿಸ್ತಾನೆ, ಬ್ಯೂನೋ ಅನ್ನೋ ಸಂತ ಅದನ್ನ ಮತ್ತೆ ಜೋಡಿಸ್ತಾನೆ, ತಲೆ ಬಿದ್ದ ಜಾಗದಲ್ಲಿ ಒಂದು ಚಿಲುಮೆ ಹುಟ್ಟುತ್ತೆ. ಆ ಊರಿನ ಹೆಸರು ಹೋಲಿವೆಲ್, ಇವತ್ತಿಗೂ ಯಾತ್ರಿಕರು ಹೋಗ್ತಾರೆ. ಈ ಕಥೆ ಬರಹಕ್ಕೆ ಇಳಿದದ್ದು 12ನೇ ಶತಮಾನದಲ್ಲಿ, ಹೆಚ್ಚುಕಡಿಮೆ ನಮ್ಮ ರಾಮಯ್ಯನ ಕಾಲದಲ್ಲೇ. ಯಾರೂ ಯಾರಿಂದಲೂ ಕದ್ದಿದ್ದು ಅಂತ ನಾನು ಹೇಳ್ತಿಲ್ಲ. ಎರಡು ಕಡೆಯೂ ನಂಬಿಕೆಗಳ ನಡುವೆ ಪೈಪೋಟಿ ಇತ್ತು, ಎರಡು ಕಡೆಯೂ ತಲೆಗಿಂತ ದೊಡ್ಡ ಪಣ ಜನಕ್ಕೆ ಹೊಳೆಯಲಿಲ್ಲ.

ಈ ಕಥೆಯನ್ನ ನಾನು ಕಾಲೇಜಿನ ಒಬ್ಬ ಗೆಳೆಯನಿಗೆ ಹೇಳ್ದೆ. ಅವನು ಹಾಸನ ಕಡೆಯ ಜೈನ ಮನೆತನದವನು. ತಲೆ ವಾಪಸ್ ಬಂತು ಅಂದಾಗ ನಕ್ಕ. ಓಲೆ ವಿಷಯಕ್ಕೆ, ಪಕ್ಕಾ ಬಿಸಿನೆಸ್ ಅಂದ. ಮೂರ್ತಿ ಒಡೆದ ಭಾಗ ಬಂದಾಗ ಮಾತ್ರ ಸುಮ್ಮನಾದ. ಆಮೇಲೆ ಕೇಳಿದ: 'ಆ ಬಸದಿಗೆ ದಿನಾ ಪೂಜೆಗೆ ಹೋಗ್ತಿದ್ದವರು ಮಾರನೇ ದಿನ ಎಲ್ಲಿಗೆ ಹೋದ್ರು?'

ಶಾಸನದಲ್ಲಿ ಇದಕ್ಕೆ ಉತ್ತರ ಇಲ್ಲ. ಅದರಲ್ಲಿ ಜೈನರು ಮಾತಾಡ್ತಾರೆ, ಆದ್ರೆ ಬರೆದವರು ಅವರ ಬಾಯಿಗೆ ಎಷ್ಟು ಮಾತು ಕೊಟ್ಟಿದ್ದಾರೋ ಅಷ್ಟೇ. ಸವಾಲು ಹಾಕಿದ್ದು ಅವರೇ, ಬರೆದುಕೊಟ್ಟಿದ್ದು ಅವರೇ, ಮಾತು ತಪ್ಪಿದ್ದೂ ಅವರೇ. ಗಮನಿಸಿ, ಇಡೀ ಕಥೆಯಲ್ಲಿ ಅವರ ಮೇಲಿರುವ ದೊಡ್ಡ ಆರೋಪ ಬೇರೆ ದೇವರನ್ನ ಪೂಜಿಸಿದ್ದಲ್ಲ, ಕರಾರು ಮುರಿದಿದ್ದು. ಗೆದ್ದವರಿಗೆ ಪವಾಡ ಒಂದೇ ಸಾಕಾಗಲಿಲ್ಲ. ಒಡೆದದ್ದು ಸರಿ ಅಂತ ತೋರಿಸೋಕೆ ಎದುರಿನವರ ಸಹಿ ಇರುವ ಕಾಗದ ಬೇಕಾಯ್ತು. ಅಂದ್ರೆ, ಸುಮ್ಮಸುಮ್ಮನೆ ಇನ್ನೊಬ್ಬರ ದೇವರನ್ನ ಒಡೆದರೆ ಜನ ಒಪ್ಪಲ್ಲ ಅನ್ನೋದು ಆ ಕಲ್ಲು ಬರೆಸಿದವರಿಗೂ ಗೊತ್ತಿತ್ತು ಅಂತ ನನಗನ್ನಿಸುತ್ತೆ.

ಇದೇ ಹೊತ್ತಿಗೆ, ಸುಮಾರು 1200ರಲ್ಲಿ, ಐರ್ಲೆಂಡಿನಲ್ಲಿ ಇನ್ನೊಂದು ಪುಸ್ತಕ ಹುಟ್ಟಿತು. 'ಹಿರಿಯರ ಸಂವಾದ' ಅಂತ ಕನ್ನಡದಲ್ಲಿ ಹೇಳಬಹುದು. ಅದರಲ್ಲಿ ಸಂತ ಪ್ಯಾಟ್ರಿಕ್, ಹಳೆಯ ಕಾಲದಿಂದ ಬದುಕುಳಿದ ಕೀಲ್ಚೆ ಅನ್ನೋ ವೀರನನ್ನ ಭೇಟಿ ಆಗ್ತಾನೆ. ಕೀಲ್ಚೆ ಹಳೆಯ ಕಥೆಗಳನ್ನ ಹೇಳ್ತಾ ಹೋಗ್ತಾನೆ. ಪ್ಯಾಟ್ರಿಕ್‌ಗೆ ಕೇಳೋಕೆ ಖುಷಿ, ಜೊತೆಗೆ ಅಳುಕು: ನನ್ನ ಧರ್ಮದ್ದಲ್ಲದ ಕಥೆ ಕೇಳಿ ಖುಷಿಪಡೋದು ತಪ್ಪಲ್ವಾ? ಆಗ ದೇವದೂತರು ಬಂದು, ಕೇಳು, ಬರೆಸಿಡು, ಮುಂದಿನ ಜನಕ್ಕೆ ಬೇಕಾಗುತ್ತೆ ಅಂತಾರೆ. ಗೆದ್ದ ಧರ್ಮದವರು ಸೋತವರ ಕಥೆ ಬರೆದಿಡೋಕೆ ತಮಗೆ ತಾವೇ ಕೊಟ್ಟುಕೊಂಡ ಪರ್ಮಿಷನ್ ಅದು. ಇವತ್ತಿನ ಸಿನಿಮಾ, ಗೇಮ್, ಫ್ಯಾಂಟಸಿ ಕಾದಂಬರಿಗಳಿಗೆಲ್ಲ ಸರಕು ಸಿಕ್ಕಿದ್ದು ಇಂಥ ಬರಹದಿಂದ. ಅಬಲೂರಿನ ಕಲ್ಲಿನಲ್ಲಿ ಅಂಥ ದೇವದೂತರು ಬರಲಿಲ್ಲ.

ಹಾಗಂತ ನಮ್ಮ ನಾಡಿನ ಕಥೆ ಅಬಲೂರಿಗೆ ಮುಗಿಯಲ್ಲ. ಸುಮಾರು 170 ವರ್ಷ ಮುಂದಕ್ಕೆ ಬನ್ನಿ. 1368. ವಿಜಯನಗರದ ಬುಕ್ಕರಾಯನ ಕಾಲ. ಜಾಗ ಶ್ರವಣಬೆಳಗೊಳ. ಈ ಸಲ ಜಗಳ ಜೈನರಿಗೂ ಶ್ರೀವೈಷ್ಣವರಿಗೂ. ಆನೆಗೊಂದಿ, ಪೆನುಗೊಂಡೆ, ಕಲ್ಲೇಹ ಹೀಗೆ ಹಲವು ಪಟ್ಟಣಗಳ ಜೈನರು ಒಟ್ಟಿಗೆ ಹೋಗಿ, ನಮಗೆ ಅನ್ಯಾಯ ಆಗ್ತಿದೆ ಅಂತ ಬುಕ್ಕರಾಯನಿಗೆ ಬಿನ್ನಹ ಮಾಡ್ತಾರೆ.

ರಾಜ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಯ ಆಚಾರ್ಯರಿಂದ ಹಿಡಿದು ತಿರುಕುಲ, ಜಾಂಬವಕುಲದವರ ತನಕ ಎಲ್ಲರ ಎದುರು ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿ ಇಡ್ತಾನೆ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದ ಇಲ್ಲ, ಜೈನರಿಗೆ ಮೊದಲಿನಂತೆ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ನಡೆಯಬೇಕು, ಜೈನರಿಗೆ ಆಗುವ ಹಾನಿಯನ್ನ ವೈಷ್ಣವರು ತಮ್ಮ ಹಾನಿ ಅಂತ ಭಾವಿಸಬೇಕು ಅಂತ ತೀರ್ಪು. ಇಲ್ಲಿ ಯಾರ ತಲೆಯೂ ಬೀಳಲಿಲ್ಲ. ಏಳು ದಿನ ಕಾಯೋದೂ ಇಲ್ಲ.

ಆಮೇಲೆ ಬರೋದು ನನಗೆ ತುಂಬಾ ಇಷ್ಟದ ಭಾಗ: ಲೆಕ್ಕ. ನಾಡಿನ ಜೈನರ ಪ್ರತಿ ಮನೆಯಿಂದ ವರ್ಷಕ್ಕೆ 1 ಹಣ. ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ 20 ಜನ ಕಾವಲಿನವರು. ಉಳಿದ ದುಡ್ಡಿನಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ. ಈ ವ್ಯವಸ್ಥೆ ನಡೆಸೋ ಜವಾಬ್ದಾರಿ ಯಾರದ್ದು? ತಿರುಮಲೆಯ ತಾತಯ್ಯನದ್ದು, ಅಂದ್ರೆ ಎದುರು ಪಕ್ಷದ ಗುರುವಿನದ್ದು. ಕರಾರು ಮುರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ.

ಇದನ್ನ ಬರೀ ಸಿಹಿಯಾಗಿ ಓದಬೇಡಿ ಅಂತ ನಾನೇ ಹೇಳ್ತೀನಿ. ಆ ಶಾಸನ ಶುರುವಾಗೋದು ರಾಮಾನುಜಾಚಾರ್ಯರ ಸ್ತುತಿಯಿಂದ, ಅದೂ ಜೈನರ ಪುಣ್ಯಕ್ಷೇತ್ರದಲ್ಲಿ. ರಕ್ಷಣೆ ಬೇಕಾದವರೇ ರಕ್ಷಣೆಗೆ ದುಡ್ಡು ಕೊಡಬೇಕು. ಇದನ್ನ ಇನ್ಶೂರೆನ್ಸ್ ಪ್ರೀಮಿಯಂ ಅಂತೀರೋ, ಹಫ್ತಾ ಅಂತೀರೋ? ಬಲ ಯಾರ ಕಡೆ ಇತ್ತು ಅನ್ನೋದು ಸ್ಪಷ್ಟವಾಗಿಯೇ ಇದೆ. ಆದ್ರೂ ಅಬಲೂರಿನ ಓಲೆಗೂ ಈ ಕರಾರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಬಲೂರಿನಲ್ಲಿ ಕರಾರಿನ ಷರತ್ತು ಇದ್ದದ್ದು ಒಬ್ಬರ ದೇವರು ಉಳೀಬೇಕು, ಇನ್ನೊಬ್ಬರ ದೇವರು ಏಳಬೇಕು ಅಂತ. ಬೆಳಗೊಳದಲ್ಲಿ ಮಾರನೇ ದಿನವೂ ಎರಡೂ ಕಡೆ ಗಂಟೆ ಬಾರಿಸಬಹುದಿತ್ತು. ನನ್ನ ಗೆಳೆಯನ ಪ್ರಶ್ನೆಗೆ ಈ ಕಲ್ಲಿನಲ್ಲಿ ಉತ್ತರ ಇದೆ: ಮಾರನೇ ದಿನ ಅವರು ತಮ್ಮ ಬಸದಿಗೇ ಹೋದ್ರು. ಬಾಗಿಲಲ್ಲಿ ಕಾವಲು ಇತ್ತು, ಗೋಡೆಗೆ ಸುಣ್ಣ ಇತ್ತು.

ಶಾಸನದ ಕೊನೆಯಲ್ಲಿ ಒಬ್ಬ ವ್ಯಾಪಾರಿ ಬರ್ತಾನೆ. ಕಲ್ಲೇಹದ ಬುಸುವಿ ಸೆಟ್ಟಿ. ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನ ಕರೆಸಿ, ಶಾಸನದ ಜೀರ್ಣೋದ್ಧಾರ ಮಾಡಿಸಿದವನು ಇವನು. ಜೈನರು, ವೈಷ್ಣವರು ಇಬ್ಬರೂ ಸೇರಿ ಇವನಿಗೆ ಸಂಘನಾಯಕ ಅಂತ ಪಟ್ಟ ಕಟ್ಟಿದ್ರು. ಖಡ್ಗ ಹಿಡಿದವನಲ್ಲ, ಪವಾಡ ಮಾಡಿದವನಲ್ಲ. ಎರಡು ಕಡೆಯವರನ್ನೂ ಕೂರಿಸಿ ಕಾಗದ ಪತ್ರ ಸರಿಮಾಡಿದವನು. ನಮ್ಮ ಕಾಮರ್ಸ್‌ನವರಿಗೆ ಇತಿಹಾಸದಲ್ಲಿ ಹೀರೋಗಳು ಕಡಿಮೆ, ಇವನನ್ನ ನಾನು ಬಿಟ್ಟುಕೊಡಲ್ಲ.

ಒಂದು ಕರಾರಿನಿಂದ ಜಗಳ ಶಾಶ್ವತವಾಗಿ ಮುಗಿಯುತ್ತೆ ಅಂತೇನಿಲ್ಲ. 1638ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಒಬ್ಬ ವೀರಶೈವ ಲಿಂಗಮುದ್ರೆ ಹಾಕಿದ, ಒಬ್ಬ ಜೈನ ಅದನ್ನ ಅಳಿಸಿದ. ಮತ್ತೆ ಎರಡೂ ಕಡೆಯ ಹಿರಿಯರು ಕೂತರು. ಮೊದಲು ವಿಭೂತಿ, ವೀಳ್ಯ ಸಲ್ಲಿಸಿ, ಆಮೇಲೆ ಜೈನರು ತಮ್ಮ ಪೂಜೆ ಎಂದಿನಂತೆ ಮಾಡ್ಕೊಳ್ಳಲಿ ಅಂತ ತೀರ್ಮಾನ ಆಯ್ತು. ಅದನ್ನೂ ಕಲ್ಲಿನಲ್ಲಿ ಬರೆದರು. ಅಂದ್ರೆ ಶಾಂತಿ ಅನ್ನೋದು ಮನೆ ಬಾಡಿಗೆ ಕರಾರಿನ ಹಾಗೆ. ಅವಧಿ ಮುಗಿದಾಗಲೆಲ್ಲ ಕೂತು ಮತ್ತೆ ಬರೀಬೇಕು.

ರಾಮಯ್ಯನಂಥ ಕಥೆಗಳು ಈಗ ಒಂದು ನಿಮಿಷದ ರೀಲ್ ಆಗಿ ಓಡಾಡ್ತವೆ. ರೀಲ್‌ನಲ್ಲಿ ತಲೆ ಇರುತ್ತೆ, ಮೂರ್ತಿ ಒಡೆಯೋದು ಇರುತ್ತೆ, ಹಿಂದೆ ಜೋರು ಮ್ಯೂಸಿಕ್ ಇರುತ್ತೆ. ಕೆಳಗೆ ಎರಡು ಗುಂಪು, ನಿಮ್ಮವರು ಹೀಗೆ ಮಾಡಿದ್ರು, ನಮ್ಮವರು ಹಾಗೆ ಮಾಡಿದ್ರು. 800 ವರ್ಷದ ಹಿಂದಿನ ಓಲೆಗೆ ಇವತ್ತು ಯಾರ್ಯಾರದೋ ಕೈಲಿ ಬಡ್ಡಿ ಕಟ್ಟಿಸೋ ಕೆಲಸ ಇದು. ನಾನು ಕೇಳ್ಕೊಳ್ಳೋದು ಇಷ್ಟೇ. ಇಂಥ ಕಥೆ ಬಂದಾಗ ಮೂರು ಪ್ರಶ್ನೆ ಕೇಳಿ: ಇದನ್ನ ಬರೆಸಿದವರು ಯಾರು? ಬರೆಸಿದ್ದರಿಂದ ಯಾರಿಗೆ ಏನು ಸಿಕ್ತು? ಸೋತವರು ಮಾರನೇ ದಿನ ಎಲ್ಲಿಗೆ ಹೋದ್ರು? ರಾಮಯ್ಯನ ಭಕ್ತಿಯನ್ನ ಗೌರವಿಸೋಕೆ ಈ ಪ್ರಶ್ನೆಗಳು ಅಡ್ಡ ಬರಲ್ಲ.

ಬೆಂಗಳೂರಿನವರಿಗೆ ಒಂದು ಸುದ್ದಿ. ಬುಸುವಿ ಸೆಟ್ಟಿಯ ಊರು ಕಲ್ಲೇಹ ಅಂದ್ರೆ ಇವತ್ತಿನ ಕಲ್ಯ, ಮಾಗಡಿ ತಾಲ್ಲೂಕು. 1368ರ ಅದೇ ತೀರ್ಪಿನ ಇನ್ನೊಂದು ಪ್ರತಿ ಅಲ್ಲೂ ಕಲ್ಲಿನಲ್ಲಿದೆ. ಭಾನುವಾರ ನಂದಿ ಬೆಟ್ಟದ ಟ್ರಾಫಿಕ್ಕಿನಲ್ಲಿ ನಿಲ್ಲೋ ಬದಲು ಒಂದು ಸಲ ಆ ಕಡೆ ಗಾಡಿ ತಿರುಗಿಸಿ. ಜೊತೆಗೆ, ಮನೆಯಲ್ಲಿ ನಿಮ್ಮಷ್ಟು ಪೂಜೆ ಮಾಡದ, ಅಥವಾ ಬೇರೆ ಪೂಜೆ ಮಾಡುವ ಒಬ್ಬ ಗೆಳೆಯನನ್ನ ಹಿಂದೆ ಕೂರಿಸ್ಕೊಳ್ಳಿ. ದಾರಿಯಲ್ಲಿ ಕಥೆ ಹೇಳಿ, ಅವನ ಪ್ರಶ್ನೆ ಏನು ಅಂತ ಕೇಳಿ.